ಟ್ಯಾಂಕಿನಡಿಯ ನಿಂಬೆಹಣ್ಣು

ನಾನು ಶಾಲೆ ಬಿಟ್ಟದ್ದು ಎಪ್ಪತ್ತೆಂಟರಲ್ಲಿ, ಏಳನೇ ಕ್ಲಾಸಿಗೆ. ಆಮೇಲೆ ಕಲಿತದ್ದೆಲ್ಲ ಕೆ.ಆರ್. ಪೇಟೆಯ ಕಿಕ್ಕೇರಿ ರಸ್ತೆಯಲ್ಲಿ, ಟ್ರಾಕ್ಟರುಗಳ ಹೊಟ್ಟೆಯಡಿ ಅಂಗಾತ ಮಲಗಿಕೊಂಡು. ಆದ್ದರಿಂದ ಯಂತ್ರಗಳ ವಿಷಯದಲ್ಲಿ ನನ್ನ ಮಾತನ್ನು ನೀವು ನಂಬಬಹುದು: ನಮ್ಮ ಸೋದರಮಾವ ಮನುಷ್ಯರಿಗೆ ಹುಟ್ಟಿದವರಲ್ಲ, ಯಾವುದೋ ಕಾರ್ಖಾನೆಯಲ್ಲಿ ಎರಕ ಹೊಯ್ದು ತಯಾರಿಸಿದ ಮಾಲು! ನಮ್ಮಜ್ಜಿ ಇದನ್ನು ಒಪ್ಪುತ್ತಿರಲಿಲ್ಲ. ಆದರೆ ಗಟ್ಟಿಯಾಗಿ ಅಲ್ಲಗಳೆದದ್ದೂ ಇಲ್ಲ.

ಮಾವ ಸೈನ್ಯದಲ್ಲಿ ಟ್ಯಾಂಕು ಓಡಿಸುತ್ತಿದ್ದವರು. ಓಣಿಯ ಮೂಲೆಯಲ್ಲಿ ಅವರು ನಮ್ಮ ಹಾಗೆ ವಾಲಿಕೊಂಡು ತಿರುಗುವುದಿಲ್ಲ. ಮೊದಲು ನಿಲ್ಲುತ್ತಾರೆ. ಒಂದು ಕಾಲೂರಿ, ಇನ್ನೊಂದನ್ನು ಎಳೆದು, ನಿಂತಲ್ಲೇ ಇಡೀ ದೇಹವನ್ನು ತಿರುಗಿಸಿ, ಆಮೇಲೆ ಮುಂದಕ್ಕೆ! "ಇವ್ರುನ್ನ ಧಾರೆಮಂಟಪ ಸುತ್ಸೋ ಅಷ್ಟ್ರಲ್ಲಿ ಅಯ್ನೋರಿಗೇ ತಲೆ ತಿರುಗ್ಬುಡ್ತು" ಎಂದು ನಮ್ಮತ್ತೆ ಇಂದಿಗೂ ಹೇಳುತ್ತಾರೆ.

ತೊಂಬತ್ತಾರರಲ್ಲಿ ಮಾಜಿ ಸೈನಿಕರ ಸ್ಮಾರಕಕ್ಕೆಂದು ನಮ್ಮ ಪೇಟೆಗೆ ಒಂದು ನಿವೃತ್ತ ಟ್ಯಾಂಕು ಬಂತು. ಉದ್ದನೆಯ ಟ್ರೇಲರಿನಿಂದ ಅದನ್ನು ಕಲ್ಲಿನ ಕಟ್ಟೆಯ ಮೇಲೆ ಇಳಿಸಿದಾಗ ಸಂತೆಗೆ ಬಂದವರೆಲ್ಲ ಮಾತು ನಿಲ್ಲಿಸಿದರು. ಚೌಕಾಶಿ ಮಾಡುತ್ತಿದ್ದ ಹೆಂಗಸರೂ ಸಹ! ಹುಟ್ಟಿದಂದಿನಿಂದ ಕಬ್ಬಿಣ ಮುಟ್ಟಿಕೊಂಡೇ ಬದುಕಿದ ನಾನು, ಇದನ್ನು ಮುಟ್ಟುವ ಮೊದಲು ಕೈ ಒರೆಸಿಕೊಂಡೆ. ಅಂಗೈ ಇಟ್ಟರೆ ಬೆಟ್ಟವನ್ನು ಮುಟ್ಟಿದ ಹಾಗೆ. ಒಳಗೆ ಪೊಳ್ಳೇ ಇಲ್ಲವೇನೋ ಅನ್ನಿಸಿತು.

ಸಿಂಧಘಟ್ಟದ ಒಬ್ಬ ಹಿರಿಯ ರೈತ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮಾವನನ್ನು ಕೇಳಿದ: "ದಿನುಕ್ಕೆ ಎಷ್ಟೆಕ್ರೆ ಉಳ್ತದಣ್ಣ ಇದು?"

"ಇದು ಉತ್ತ ಮ್ಯಾಲೆ ಬಿತ್ತಕ್ಕೆ ಯಾರೂ ಉಳಿಯಕ್ಕಿಲ್ಲ ಕಣಣ್ಣ" ಅಂದರು ಮಾವ.

ಆತ ಹಾಗೇ ಎರಡು ಹೆಜ್ಜೆ ಹಿಂದೆ ಸರಿದ.

ಅಂದಿನಿಂದ ಮಾವ ದಿನಾ ಬೆಳಿಗ್ಗೆ ಬಕೆಟ್ಟು ಹಿಡಿದು ಹೋಗಿ ಅದರ ಮೈ ತೊಳೆಯುತ್ತಿದ್ದರು. ಅದಕ್ಕೆ ನಮ್ಮ ತಕರಾರಿಲ್ಲ. ತಕರಾರು ಶುರುವಾದದ್ದು ಆಯುಧಪೂಜೆಯ ದಿನ. ಟ್ಯಾಂಕಿಗೆ ವಿಭೂತಿ ಬಳಿದರು, ಬಾಳೆಕಂದು ಕಟ್ಟಿದರು, ಬೂದುಗುಂಬಳ ಒಡೆದರು. ಚಕ್ರಗಳನ್ನು ಸುತ್ತಿದ ಕಬ್ಬಿಣದ ಚೈನಿನ ಮುಂದೆ ನಿಂಬೆಹಣ್ಣನ್ನೂ ಇಟ್ಟರು. ಪೇಟೆಯ ಆಟೋ, ಲಾರಿ, ಟ್ರಾಕ್ಟರುಗಳೆಲ್ಲ ತಂತಮ್ಮ ನಿಂಬೆಹಣ್ಣು ಹಿಂಡಿಕೊಂಡು ಹೊರಟುಹೋದವು. ಮಾವ ಮಾತ್ರ ಕೈಕಟ್ಟಿ ನಿಂತೇ ಇದ್ದರು.

"ಮಾವ, ಇದ್ರಲ್ಲಿ ಇಂಜಿನ್ನೇ ಇಲ್ಲ. ಎಲ್ಲಿಂದ ಹೊರಡ್ತದೆ?"

"ಇಂಜಿನ್ ಇಲ್ದಿದ್ರೇನ್ಲಾ? ಗಾಡಿ ಗಾಡಿನೇ. ಇದರ ನಿಂಬೆಣ್ಣು ಒಡೀಲೇಬೇಕು."

ಗರಡಿಯಿಂದ ಎಂಟು ಪೈಲ್ವಾನರನ್ನು ಕರೆಸಿದರು. ಎಂಟೂ ಜನ ಹೆಗಲು ಕೊಟ್ಟು ತಳ್ಳಿದರು. ಟ್ಯಾಂಕು ಅಲುಗಲಿಲ್ಲ, ಒಬ್ಬ ಪೈಲ್ವಾನನ ಕಚ್ಚೆ ಬಿಚ್ಚಿತು! ನಿಂಬೆಹಣ್ಣು ಮೂರು ದಿನ ಹಾಗೇ ಇತ್ತು. ಮಾವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗ ನನಗೆ ನಗು ನಿಂತಿತು.

ಮರುವರ್ಷ ಸ್ಮಾರಕದ ಸಮಿತಿಯವರು ದಸರಾ ಮುಗಿದ ಕೂಡಲೇ ಚೈನಿಗೆ ಅರ್ಧದವರೆಗೂ ಕಾಂಕ್ರೀಟು ಹಾಕಿಸುವುದೆಂದು ತೀರ್ಮಾನಿಸಿದರು. ಮಾವ ನನ್ನ ಶೆಡ್ಡಿಗೆ ಬಂದರು. ಬಾಗಿಲಲ್ಲಿ ನಿಂತು, ತಿರುಗಿ, ಒಳಗೆ.

"ಲೇ ಅಳಿಯ, ಕಾಂಕ್ರೀಟ್ ಹಾಕ್ಬುಟ್ರೆ ಮುಗೀತು ಕಣ್ಲಾ. ಈ ಸಲ ಒಡೀಬೇಕು. ನೀನೇ ಏನಾರ ಮಾಡು."

"ಓದಿಲ್ದಿರೋ ಮುಂಡೇದು ಅಂತಿದ್ರಲ್ಲ ನನ್ನ?"

"ಈಗ್ಲೂ ಅಂತೀನಿ. ಮಾಡು."

ನಾನು ಅಂದು ಮಧ್ಯಾಹ್ನವೆಲ್ಲ ಟ್ಯಾಂಕಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಆನೆಯ ಕಾಲಡಿ ಹಣ್ಣಿಡಲು ಇಡೀ ಆನೆಯನ್ನು ಎತ್ತಬೇಕೇ? ಒಂದು ಕಾಲು ಎತ್ತಿದರೆ ಸಾಲದೇ? ಮುಂದಿನ ಒಂದು ಚಕ್ರವನ್ನು ಹಿಡಿದಿರುವ ತೋಳಿಗೆ ಜಾಕು ಕೊಟ್ಟು ಎತ್ತಿದರೆ, ಅದರಡಿಯ ಚೈನನ್ನು ಹಾರೆಯಿಂದ ಮೀಟಬಹುದು! ಕಬ್ಬಿನ ಲಾರಿಗಳ ಟೈರು ಬಿಚ್ಚುವ ಭಾಯಿಯ ಹತ್ತಿರ ದೊಡ್ಡ ಜಾಕು ಕೇಳಿದೆ.

"ಅರೆ, ಪಾಗಲ್ ಆಗ್ಬುಟ್ಟಾ ಕ್ಯಾ? ನಮ್ದು ಜಾಕು ಲಾರಿ ಎತ್ತಕ್ಕೆ, ಲಡಾಯಿ ಎತ್ತಕ್ಕಲ್ಲ!" ಎಂದು ಬೈದ ಭಾಯಿ, ಆಯುಧಪೂಜೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಜಾಕು ಹೊತ್ತುಕೊಂಡು ಬಂದಿದ್ದ.

ಮರದ ದಿಮ್ಮಿಯ ಮೇಲೆ ಜಾಕು ಕೂರಿಸಿದೆವು. ಒತ್ತಿದೆ. ದಿಮ್ಮಿ ನರಳಿತು. ಮತ್ತೆ ಒತ್ತಿದೆ. ಒಳಗಿನಿಂದ ಒಂದು ಸದ್ದು ಬಂತು, ಬಹಳ ದಿನ ಮಲಗಿದ್ದವರು ಮಗ್ಗುಲು ಬದಲಿಸಿದ ಹಾಗೆ. ಚಕ್ರ ಎದ್ದಿತು! ಭಾಯಿ ಹಾರೆ ಮೀಟಿದ. ಮಾವ ಚೈನಿನಡಿ ನಿಂಬೆಹಣ್ಣು ತಳ್ಳಿ ಕೈ ಎಳೆದುಕೊಂಡರು. ನಾನು ಜಾಕು ಸಡಿಲಿಸಿದೆ.

ಪಚ್. ಅಷ್ಟೇ. ಕಲ್ಲಿನ ಮೇಲೆ ರಸ ಹರಿಯಿತು. ಸುತ್ತ ನಿಂತವರಲ್ಲಿ ಒಬ್ಬರೂ ನಗಲಿಲ್ಲ.

ಮಾವ ಸೆಲ್ಯೂಟು ಹೊಡೆಯುತ್ತಾರೆಂದು ಕಾದೆ. ಹೊಡೆಯಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತರು.

"ಯುದ್ಧದಾಗೆ ಒಂದಿನ ನಮ್ ಗನ್ನರು ನಿಂಬೆಣ್ಣು ಬೇಕೇ ಬೇಕು ಅಂತ ಅಟ ಇಡುದ್ಬುಟ್ಟಿದ್ದ ಕಣ್ಲಾ. ಪೂಜೆ ಮಾಡ್ದೆ ಗಾಡಿ ಹೊರಡ್ಸಬ್ಯಾಡ ಅಂತ. ಆ ಮರಳಲ್ಲಿ ನಿಂಬೆಣ್ಣು ಎಲ್ಲಿಂದ ತರನ? ನಾನು ನಗಾಡ್ಬುಟ್ಟೆ. ಊರಿಗೋದ್ಮ್ಯಾಲೆ ಇಬ್ರೂ ಸೇರಿ ಒಡ್ಸನ, ಈಗ ಗಾಡಿ ಹತ್ತು ಅಂದೆ. ಹತ್ತುದ."

"ಆಮೇಲೆ ಮಾವ?"

"ಆಮೇಲೇನು? ಊರಿಗೆ ನಾನೊಬ್ನೇ ಬಂದೆ."

ಭಾಯಿ ತಲೆಗೆ ಕಟ್ಟಿದ್ದ ಕರ್ಚೀಫು ಬಿಚ್ಚಿ ಮಾವನ ಕೈಯಲ್ಲಿಟ್ಟ. ನಾನು ಹೋಗಿ ಮೂರು ಟೀ ತಂದೆ. ಮಾವ ಆ ದಿನ ಎರಡು ಟೀ ಕುಡಿದರು, ನನ್ನದನ್ನೂ.

ಮರುವಾರ ಕಾಂಕ್ರೀಟು ಹಾಕಿದರು. ಮಾವ ನಿಂತು ಹಾಕಿಸಿದರು.

ಈಗ ನನಗೆ ಇರುವುದು ಒಂದು ಶೆಡ್ಡು, ಒಂದು ವೆಲ್ಡಿಂಗ್ ಮಿಷನ್ನು, ನಾಲ್ಕು ಜಾಕು, ಒಬ್ಬ ಮಾವ.