ಬಂಡೆಗೆ ಬಾಯಿ ಬಿಡಿಸುವ ನಮ್ಮ ಮಾವ

ನಮ್ಮ ಸೋದರಮಾವನಿಗೆ ಹೆದರದ ಜೀವಿ ಚನ್ನಪಟ್ಟಣ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಹಾಗಂತ ಅವನೇನು ರೌಡಿಯಲ್ಲ, ಸೂಜಿ ಚುಚ್ಚುವ ಡಾಕ್ಟರೂ ಅಲ್ಲ. ಹಾಡುಗಾರ. ಹಾಡುಗಾರನಿಗೆ ಯಾಕಪ್ಪಾ ಹೆದರಬೇಕು ಎಂದು ಕೇಳುವವರು ಅವನ ಹಾಡು ಕೇಳಿಲ್ಲ ಅಷ್ಟೇ! ಅವನು ಹಾಡುವುದು ಹೆವಿ ಮೆಟಲ್. ಗಿಟಾರು, ಡ್ರಮ್ಮು ಒಟ್ಟಿಗೆ ಅಬ್ಬರಿಸುವಾಗ ಅವನ ಹೊಟ್ಟೆಯ ತಳದಿಂದ ಒಂದು ಘರ್ಜನೆ ಏಳುತ್ತದೆ. ಚಿಕ್ಕಂದಿನಲ್ಲಿ ಅದನ್ನು ಕೇಳಿದರೆ ನಾನು ರಾಗಿ ಕಣಜದ ಹಿಂದೆ ಅಡಗುತ್ತಿದ್ದೆ. ಈಗ ಅಡಗಲು ಕಣಜವಿಲ್ಲ, ಭಯ ಮಾತ್ರ ಹಾಗೇ ಇದೆ.

ಮಾವನಿಗೆ ಅರವತ್ತು ದಾಟಿದೆ. ಬಿಳಿ ಕೂದಲು ಸೊಂಟ ಮುಟ್ಟುತ್ತದೆ. ಬೈರಾಪಟ್ಟಣದ ಹಿಪ್ಪುನೇರಳೆ ತೋಟದಲ್ಲಿ ತಲೆಬುರುಡೆಯ ಚಿತ್ರವಿರುವ ಕಪ್ಪು ಟೀ ಶರ್ಟು ಹಾಕಿಕೊಂಡು ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುತ್ತಾನೆ. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಗೆಳೆಯರ ಜತೆ ತಂಡ ಕಟ್ಟಿ ‘ಬಂಡೆಯೇ ಬಾಯಿ ಬಿಡು’ ಎಂಬ ಹಾಡು ಹಾಡಿದ್ದ. ಅದರ ಕ್ಯಾಸೆಟ್ಟು ಹಾಸ್ಟೆಲಿನಿಂದ ಹಾಸ್ಟೆಲಿಗೆ ಹಾರಿತು, ಈಗ ಫೋನಿನಿಂದ ಫೋನಿಗೆ ಹಾರುತ್ತಿದೆ. ಗೆಳೆಯರೆಲ್ಲ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಮಾವ ಒಬ್ಬನೇ ಇನ್ನೂ ಹೊಸ ಹುಡುಗರನ್ನು ಕಟ್ಟಿಕೊಂಡು ವೇದಿಕೆ ಹತ್ತುತ್ತಾನೆ. ಮೈತುಂಬ ಹಚ್ಚೆ ಹಾಕಿಸಿಕೊಂಡವರು ಬಂದು ಕಾಲಿಗೆ ಬಿದ್ದರೆ, “ಉಂಡ್ರೇನ್ರಲಾ?” ಎಂದು ವಿಚಾರಿಸುತ್ತಾನೆ.

ನನ್ನ ನಿಶ್ಚಿತಾರ್ಥ ರಾಮನಗರದ ಒಂದು ಛತ್ರದಲ್ಲಿ ನಡೆಯಿತು. ಗಂಡಿನ ಕಡೆಯ ಹಿರಿಯರೊಬ್ಬರು, “ಹೆಣ್ಣಿನ ಸೋದರಮಾವ ಹಾಡುಗಾರರಂತೆ, ಒಂದು ಹಾಡು ಆಗ್ಲಿ” ಎಂದುಬಿಟ್ಟರು. ಬೇಡ ಎಂದು ಕಣ್ಸನ್ನೆ ಮಾಡಿದೆ. ಆಗಲೇ ಮಾವ ಎದ್ದು ನಿಂತು ಕೂದಲು ಬಿಚ್ಚಿದ್ದ. ‘ಬಂಡೆಯೇ’ ಎನ್ನುವಷ್ಟರಲ್ಲಿ ಛತ್ರದ ಮಕ್ಕಳೆಲ್ಲ ಅಳತೊಡಗಿದರು. ಗಂಡಿನ ಅಜ್ಜಿ ದೇವರು ಮೈಮೇಲೆ ಬಂದಿದೆ ಎಂದೇ ತಿಳಿದು, ನಿಂಬೆಹಣ್ಣು ನಿವಾಳಿಸಿ ಕೈಮುಗಿದರು.

“ಸ್ವಾಮಿ, ನಮ್ ಹಸ ತಪ್ಪಿಸ್ಕೊಂಡೈತೆ. ಎಲ್ಲೈತೆ ಒಸಿ ಯೋಳಪ್ಪ.”

ಮಾವ ಹಾಡು ನಿಲ್ಲಿಸಿ ಸ್ವಲ್ಪ ಯೋಚಿಸಿದ. ಅಜ್ಜಿಗೆ ಬೇಜಾರು ಮಾಡುವ ಮನಸ್ಸಾಗಲಿಲ್ಲವಂತೆ. ಅದೇ ಘರ್ಜನೆಯಲ್ಲಿ, “ಬೈರಮಂಗಲದ ಕೆರೆ ತಾವ ನೋಡು” ಎಂದ. ಹಸು ಅಲ್ಲೇ ಸಿಕ್ಕಿತು! ಸಂಬಂಧ ಮುರಿಯುತ್ತದೆಂದು ನಾನು ಹೆದರುತ್ತಿದ್ದರೆ, ಅವರು ಮಾವ ಬರದೆ ಧಾರೆಯೇ ಬೇಡ ಎಂದು ಹಟ ಹಿಡಿದರು.

ಇಂಥ ಮಾವನೂ ಒಂದಕ್ಕೆ ಹೆದರುತ್ತಾನೆ, ಅದು ರೇಷ್ಮೆ ಹುಳುವಿಗೆ. ಪೊರೆ ಬಿಡುವ ಮೊದಲು ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಹುಳುವಿನ ಮನೆಯಲ್ಲಿ ಯಾರೂ ಬಾಯಿ ತೆರೆಯಕೂಡದು ಎಂಬುದು ನಮ್ಮಜ್ಜಿ ಮಾಡಿದ ಕಟ್ಟಲೆ. ಹುಳುವಿಗೆ ಕಿವಿ ಇದೆಯೋ ಇಲ್ಲವೋ, ಅಜ್ಜಿಯ ಕೈಯಲ್ಲಿ ಸೌದೆಯಂತೂ ಇರುತ್ತಿತ್ತು. ಅಜ್ಜಿ ಹೋಗಿ ಎಷ್ಟೋ ಕಾಲವಾದರೂ ಮಾವ ಕಟ್ಟಲೆ ಮುರಿದಿಲ್ಲ. ಕಾರ್ಯಕ್ರಮಕ್ಕೆ ಕರೆದವರಿಗೂ, “ಜ್ವರಕ್ ಕೂತವೆ, ಎದ್ಮೇಲೆ ಬತ್ತೀನಿ” ಎಂದು ಫೋನಿನಲ್ಲಿ ಪಿಸುಗುಡುತ್ತಾನೆ. ಮಕ್ಕಳಿಗೇ ಜ್ವರ ಬಂದಿದೆಯೆಂದು ತಿಳಿದ ಒಬ್ಬರು ಹಣ್ಣಿನ ಬುಟ್ಟಿ ಕಳಿಸಿದ್ದರು.

ಈ ಸಲ ಮಳೆಗಾಲದ ಹೊತ್ತಿಗೆ ಅವನ ಘರ್ಜನೆಯಲ್ಲಿ ಗಾಳಿ ಸೋರತೊಡಗಿತು. ಮೊದಲು ಎಲ್ಲರೂ ನಕ್ಕೆವು. ಆಮೇಲೆ ‘ನೀರು ಕೊಡು’ ಎಂಬ ಮಾತೂ ಅರ್ಧಕ್ಕೇ ನಿಲ್ಲುವಂತಾಯಿತು. ಬೆಂಗಳೂರಿನ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಿ, “ಗಂಟು ಬೆಳೆದಿದೆ, ತೆಗೀಬೇಕು. ಆಮೇಲೆ ಧ್ವನಿ ಹೇಗಿರುತ್ತೆ ಅಂತ ಈಗಲೇ ಹೇಳೋಕಾಗಲ್ಲ” ಎಂದರು. ಮಾವ ಕುರ್ಚಿಯ ತೋಳು ಹಿಡಿದುಕೊಂಡ. ಅವನ ಯಾವ ಹಾಡಿಗೂ ನಾನು ಅಷ್ಟು ಹೆದರಿರಲಿಲ್ಲ.

ಆಪರೇಷನ್ ಆಯಿತು. ಕೆಟ್ಟ ಗಂಟಲ್ಲ ಎಂದು ಗೊತ್ತಾಯಿತು. ತಾವು ಹೇಳುವವರೆಗೆ ಮಾತು ಕೂಡದು, ಪಿಸುಮಾತೂ ಕೂಡದು ಎಂದು ಡಾಕ್ಟರು ಎಚ್ಚರಿಸಿದರು. ಮಾವ ಕೇಳಬೇಕಲ್ಲ! ಮನೆಗೆ ಬಂದವನೇ ಕರುವನ್ನು ಮಾತಾಡಿಸಲು ಹೋದ. ಅವನ ಹೆಂಡತಿ, ನಮ್ಮತ್ತೆ, ಓಡಿಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

“ಇವ್ರ ಮಂಚವ ಹುಳದ್ ಮನೆಗೆ ಆಕಿ. ಜ್ವರಕ್ ಕೂತವೆ,” ಎಂದಳು.

ಡಾಕ್ಟರಿಗೆ ಬಗ್ಗದವನು ಹುಳುವಿಗೆ ಬಗ್ಗಿದ. ಒಂದು ಕೆಮ್ಮೂ ಇಲ್ಲ. ಹುಳುಗಳು ಎದ್ದು ಸೊಪ್ಪು ತಿನ್ನತೊಡಗಿದವು. ಇನ್ನು ಮೆಲ್ಲಗೆ ಮಾತಾಡಬಹುದು ಎಂದು ಡಾಕ್ಟರೂ ಅಪ್ಪಣೆ ಕೊಟ್ಟರು. ಮಾವ ಮಾತ್ರ ಬಾಯಿ ತೆರೆಯಲಿಲ್ಲ. ಕೇಳಿದರೆ ತುಟಿಯ ಮೇಲೆ ಬೆರಳಿಟ್ಟು, ಮೂಲೆಯಲ್ಲಿದ್ದ ಹುಳುವಿನ ತಟ್ಟೆ ತೋರಿಸುತ್ತಿದ್ದ. ಹೋಗಿ ನೋಡಿದರೆ ಅಲ್ಲಿ ಒಂದೇ ಒಂದು ಸೋಮಾರಿ ಹುಳು ಇನ್ನೂ ತಲೆಯೆತ್ತಿಕೊಂಡು ಕೂತಿತ್ತು. ಮಾರನೆಯ ದಿನ ಅದೂ ಎದ್ದಿತು. ಮಾವ ಗೋಡೆಯ ಕಡೆ ಹೊರಳಿ ಮಲಗಿದ. ಬಾಯಿ ತೆರೆದರೆ ಏನೂ ಬರದೇ ಹೋದರೆ ಎಂಬ ಭಯ ಅವನಿಗೆ ಎಂದು ನನಗೆ ಆಗ ಅರ್ಥವಾಯಿತು.

ಅತ್ತೆ ಸೊಪ್ಪಿನ ಕುಕ್ಕೆ ಕೆಳಗಿಟ್ಟಳು.

“ನಿಮ್ಗಾಗ್ದಿದ್ರೆ ಬುಡಿ. ನಾನೇ ಪದ ಯೋಳ್ತೀನಿ.”

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ ‘ಬಂಡೆಯೇ ಬಾಯಿ ಬಿಡು’ ಎಂದು ಎತ್ತಿಕೊಂಡಳು. ಅದೂ ಸೋಬಾನೆಯ ಧಾಟಿಯಲ್ಲಿ! ಬಾಗಿಲಲ್ಲಿದ್ದ ನಾಯಿ ಎದ್ದು ಹೊರಟುಹೋಯಿತು. ಮಾವ ಎರಡು ಸಾಲು ತಡೆದುಕೊಂಡ. ಮೂರನೆಯದಕ್ಕೆ ಆಗಲಿಲ್ಲ, ಎದ್ದು ಕೂತ.

“ಥೂ, ಅಂಗಲ್ಲ ಕಣಮ್ಮಿ. ಆಡ್ನ ಸಾಯಿಸ್ಬುಟ್ಟಲ್ಲ. ವಟ್ಟೆಯಿಂದ ಬರ್ಬೇಕು ಅದು.”

ಹೇಳಿ ತಾನೇ ಬೆಚ್ಚಿದ. ಧ್ವನಿ ಒರಟಾಗಿತ್ತು, ನಡುವೆ ಒಡೆಯುತ್ತಿತ್ತು, ಆದರೂ ಅವನದೇ ಆಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಸೊಪ್ಪಿನ ರಾಶಿಯ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಇನ್ನೊಂದ್ ಕಿತ ಬಯ್ರಿ,” ಎಂದಳು.