ರುದ್ರಪ್ಪ ಮಾವನ ಮುಖವೂ ನನ್ನ ಹೊಸ ಲೆನ್ಸೂ

ಡಾಕ್ಟರುಗಳ ಕೈಬರಹವನ್ನೇ ದಿನವೂ ಓದಿ ಅರಗಿಸಿಕೊಳ್ಳುವವನಿಗೆ ಒಂದು ಲೆನ್ಸ್ ಆರಿಸುವುದು ಯಾವ ಮಹಾ ಕೆಲಸ? ಹೊಸದುರ್ಗದಲ್ಲಿ ಔಷಧದಂಗಡಿ ನಡೆಸುತ್ತ, ಬಿಡುವಾದಾಗ ಕ್ಯಾಮೆರಾ ಹಿಡಿಯುವ ನಾನು, ಬಾಮೈದ ತಿಪ್ಪೇಶನ ಮದುವೆ ಗೊತ್ತಾದ ದಿನವೇ ಘೋಷಿಸಿದೆ: "ಬೇರೆ ಫೋಟೋಗ್ರಾಫರ್ ಬೇಡ. ಸದರಿ ಜವಾಬ್ದಾರಿ ನನ್ನದು!" ಅಕ್ಕನ ಗಂಡನಿಗೆ ಇಲ್ಲವೆನ್ನಲಾರದೆ ತಿಪ್ಪೇಶ ತಲೆಯಾಡಿಸಿದ.

ಮದುವೆಗೆ ಜೂಮ್ ಲೆನ್ಸ್ ವಾಸಿ, ಹತ್ತಿರಕ್ಕೂ ಆಗುತ್ತದೆ, ದೂರಕ್ಕೂ ಆಗುತ್ತದೆ ಎನ್ನುವ ವಿಡಿಯೋಗಳನ್ನೆಲ್ಲ ಅರ್ಧಕ್ಕೇ ನಿಲ್ಲಿಸಿದೆ. ನನ್ನ ಮನಸ್ಸು ಬಿದ್ದದ್ದು ಜೂಮೇ ಇಲ್ಲದ ಒಂದು ದಪ್ಪ ಲೆನ್ಸಿನ ಮೇಲೆ. ಅದು ಫೋಕಸ್ ಮಾಡಿದ್ದನ್ನು ಮಾತ್ರ ಸ್ಪಷ್ಟವಾಗಿ ಹಿಡಿದು, ಮಿಕ್ಕದ್ದನ್ನೆಲ್ಲ ಬೆಣ್ಣೆಯಂತೆ ಕರಗಿಸುತ್ತಿತ್ತು. ಚಿತ್ರದುರ್ಗಕ್ಕೆ ಹೋಗಿ ಕೊಂಡು ತಂದು, ಮೊದಲ ಪ್ರಯೋಗವನ್ನು ಹೆಂಡತಿ ಸುಧಾಳ ಮೇಲೆ ಮಾಡಿದೆ.

"ರೀ, ಮೂಗು ಚೆನ್ನಾಗಿ ಬಂದೈತೆ. ಕಿವಿ ಎಲ್ಲಿ? ಹೊಸ ಓಲೆ ಹಾಕ್ಕಂಡಿದ್ದೆ!"

"ಅದೇ ಸ್ಟೈಲು ಕಣೇ!"

"ಹಿಂದೆ ಇರೋದು ಫ್ರಿಜ್ಜೋ ಎಮ್ಮೆಯೋ ಗೊತ್ತಾಗಲ್ಲ. ಮದ್ವೆಗೆ ಬಂದೋರು ಕಾಣಬ್ಯಾಡ್ವೇನ್ರಿ?"

ಅವಳ ಆತಂಕಕ್ಕೆ ಕಾರಣವಿತ್ತು. ಅವಳ ಸೋದರಮಾವ, ಮತ್ತೋಡಿನ ರುದ್ರಪ್ಪನವರು, ನಮ್ಮ ಮದುವೆಯ ಪತ್ರಿಕೆಯಲ್ಲಿ ತಮ್ಮ ಹೆಸರು ಬಿಟ್ಟುಹೋಯಿತೆಂದು ಮುನಿಸಿಕೊಂಡವರು ಅಂದಿನಿಂದ ತಂಗಿಯ ಹೊಸ್ತಿಲು ತುಳಿದಿರಲಿಲ್ಲ. ಈ ಸಲ ಅತ್ತೆಯೇ ಹೋಗಿ, ಅಣ್ಣನ ಕೈ ಹಿಡಿದು ಅತ್ತು, ಕರೆದು ಬಂದಿದ್ದರು. ಮದುಮಗನಿಗೆ ಬಾಸಿಂಗ ಕಟ್ಟುವ ಶಾಸ್ತ್ರ ಸೋದರಮಾವನದಲ್ಲವೇ?

"ಆ ಒಂದು ಫೋಟೋ ಕೆಟ್ರೆ, ಅಮ್ಮ ಇನ್ನೊಂದ್ಸಲ ತವರು ಕಳ್ಕಂತಾಳೆ" ಎಂದಳು ಸುಧಾ. ನಾನು ಲೆನ್ಸ್ ಒರೆಸುತ್ತ ಅಭಯ ನೀಡಿದೆ.

ಹೊಳಲ್ಕೆರೆಯ ಕಲ್ಯಾಣಮಂಟಪದಲ್ಲಿ ಮದುವೆಯ ಹಿಂದಿನ ಸಂಜೆ ಆರತಕ್ಷತೆ. ಗುಂಪು ಫೋಟೋಗೆಂದು ಇಡೀ ಬಳಗ ವೇದಿಕೆ ಹತ್ತಿತು. ಕ್ಯಾಮೆರಾಗೆ ಕಣ್ಣಿಟ್ಟು ನೋಡಿದರೆ ಮದುಮಗ, ಮದುಮಗಳು, ಒಬ್ಬ ಚಿಕ್ಕಪ್ಪನ ಭುಜ. ಅಷ್ಟೇ! ಜೂಮ್ ಇಲ್ಲದವನಿಗೆ ಕಾಲೇ ಗತಿ. ಹಿಂದೆ ಹೋದೆ. ಚಿಕ್ಕಪ್ಪ ಪೂರ್ತಿ ಬಂದರು. ಇನ್ನೂ ಹಿಂದೆ ಹೋದೆ. ಅತ್ತೆಯಂದಿರು ಬಂದರು. ಕುರ್ಚಿಗಳ ಸಾಲು ದಾಟಿ, ಬಾಗಿಲು ದಾಟಿ, ಊಟದ ಹಾಲ್ ಸೇರಿದೆ.

"ರೀ ಸ್ವಾಮಿ, ನಿಂತ್ಕಳ್ರೀ!" ಎಂದು ಬಡಿಸುವವರೊಬ್ಬರು ಕೂಗುವಷ್ಟರಲ್ಲಿ ನನ್ನ ಎಡಗಾಲು ಪಾಯಸದ ಬಕೆಟ್ಟಿನಲ್ಲಿತ್ತು. ಆ ರಾತ್ರಿ ಬಂಧುಗಳು ಪಾಯಸವಿಲ್ಲದೆ ಉಂಡರು.

ಮರುದಿನ ಬೆಳಿಗ್ಗೆ, ಹಿಂದೆ ಹೋಗುವ ಸಹವಾಸವೇ ಬೇಡವೆಂದು ಮುಂದಕ್ಕೆ ನುಗ್ಗಿದೆ. ರುದ್ರಪ್ಪ ಮಾವ ಪೇಟ ಸುತ್ತಿಕೊಂಡು, ಮೀಸೆ ತಿದ್ದಿಕೊಂಡು, ಮದುಮಗನ ಹಿಂದೆ ನಿಂತು ಬಾಸಿಂಗ ಎತ್ತಿದರು. ನಾನು ಮದುಮಗನ ಮುಂದೆ ಮಂಡಿ ಬಗ್ಗಿಸಿ, ಸೊಂಟ ಮಣಿಸಿ, ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಅಮೋಘವಾಗಿತ್ತು!

ಮದುವೆ ಮುಗಿದು ಎಲ್ಲರೂ ಅತ್ತೆಯ ಮನೆ ಸೇರಿದಾಗ ಟಿವಿಯಲ್ಲಿ ಪ್ರದರ್ಶನ ಏರ್ಪಡಿಸಿದೆ. ರುದ್ರಪ್ಪ ಮಾವನನ್ನು ಮುಂದೆಯೇ ಕೂರಿಸಿದೆ. ಪರದೆಯ ಮೇಲೆ ಬಾಸಿಂಗದ ಒಂದೊಂದು ಮುತ್ತೂ ಎಣಿಸುವಂತಿತ್ತು. ಅದರ ಹಿಂದೆ, ಪೇಟದ ಬಣ್ಣದಲ್ಲಿ, ಏನೋ ಒಂದು ಹೊಗೆ. ಡಾಕ್ಟರ ಚೀಟಿ ಓದುವ ನನಗೂ ಅದು ಯಾರೆಂದು ಓದಲಾಗಲಿಲ್ಲ.

ಮಾವ ಮೆಲ್ಲಗೆ ಕೇಳಿದರು: "ಆವತ್ತು ಪತ್ರಿಕೇಲಿ ಹೆಸರು ಬಿಟ್ರಿ. ಇವತ್ತು ಮಖಾನೇ ಬಿಟ್ರಲ್ಲ ಅಳಿಯಂದ್ರೇ?"

"ಹಂಗಲ್ಲ ಮಾವ, ಈ ಲೆನ್ಸಿನ ವಿಶೇಷಾನೇ ಅದು. ಬೇಡದ್ದೆಲ್ಲ ಮಸುಕಾಗ್ತೈತೆ..."

ಹೇಳಿದ ಮೇಲೆ ತಿಳಿಯಿತು, ಏನು ಹೇಳಿದೆನೆಂದು! ಮಾವ ಟವೆಲ್ ಹೆಗಲಿಗೇರಿಸಿ ಎದ್ದರು. "ಮತ್ತೋಡಿಗೆ ಬಸ್ ಎಷ್ಟೊತ್ತಿಗೈತೆ?" ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಮಾವ, ಒಂದ್ನಿಮಿಷ ಕುಂತ್ಕಳ್ರಿ. ನಾನೂ ಒಂದು ತೆಗ್ದಿದೀನಿ" ಎಂದು ಸುಧಾ ತನ್ನ ಮೊಬೈಲ್ ಚಾಚಿದಳು.

ಅದೇ ಕ್ಷಣದ ಫೋಟೋ. ಅರ್ಧ ಚಿತ್ರದಲ್ಲಿ ಬಾಸಿಂಗ ಕಟ್ಟುತ್ತಿರುವ ಮಾವ, ಮೀಸೆಯ ಕೂದಲು ಕೂದಲೂ ಸ್ಪಷ್ಟ. ಉಳಿದರ್ಧದ ತುಂಬ ನಾನು, ಬಗ್ಗಿದ ಭಂಗಿಯಲ್ಲಿ, ಹಿಂದಿನಿಂದ! ಪ್ಯಾಂಟಿನ ಅಂಚಿನಲ್ಲಿ ಒಣಗಿದ ಪಾಯಸವೂ ಸ್ಪಷ್ಟ. ಮಾವ ಕನ್ನಡಕ ಏರಿಸಿ ನೋಡಿದರು. ಮೀಸೆ ಅದುರಿತು. ಆಮೇಲೆ ಕೆಮ್ಮು ಬರುವಷ್ಟು ನಕ್ಕರು. "ಲೇ ತಂಗೀ, ಊಟಕ್ಕೆ ಹಾಕವ್ವ. ಬಸ್ಸು ನಾಳೇನೂ ಐತೆ!"

ಈಗ ಆ ಫೋಟೋ ಕಟ್ಟು ಹಾಕಿಸಿಕೊಂಡು ಮತ್ತೋಡಿನ ಮನೆಯ ಗೋಡೆಯ ಮೇಲಿದೆ. ಮೊನ್ನೆ ಹೋಗಿದ್ದಾಗ ಪಕ್ಕದ ಮನೆಯ ಯಜಮಾನರು ನನ್ನನ್ನು ನೋಡಿ, "ಇವ್ರು ಯಾರು, ಗುರ್ತು ಸಿಗ್ಲಿಲ್ಲ" ಎಂದರು.

"ಅಳಿಯಂದ್ರೇ, ಸ್ವಲ್ಪ ಆ ಕಡೆ ತಿರುಗ್ರಿ" ಎಂದರು ಮಾವ.

ತಿರುಗಿದೆ.

"ಓಹೋ, ಇವ್ರಾ!" ಎಂದರು ಯಜಮಾನರು. "ಬರ್ರಿ, ಬರ್ರಿ!"