ಅಣಬೆಗೆ ಹೋದ ಮಾನ

ಊಟಕ್ಕೆ ಕುಳಿತ ಮೇಲೆ ಮೊದಲ ತುತ್ತಿಗೇ ಏನಾದರೊಂದು ಕೊಕ್ಕೆ ತೆಗೆಯದಿದ್ದರೆ ನನಗೆ ಉಂಡಂತೆಯೇ ಆಗುವುದಿಲ್ಲ. ಇದು ಕೆಟ್ಟ ಚಟ ಎಂದು ನನಗೂ ಗೊತ್ತು. ಎಲೆ ಅಡಿಕೆ, ತಂಬಾಕು, ಇಸ್ಪೀಟು ಯಾವುದೂ ಇಲ್ಲದ ಮನುಷ್ಯನಿಗೆ ಇದೊಂದಾದರೂ ಇರಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸಾರಿಗೆ ಒಂದು ಹರಳು ಉಪ್ಪು ಕಡಿಮೆ, ರೊಟ್ಟಿಯ ಅಂಚು ದಪ್ಪ, ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಹೆಚ್ಚು. ತಪ್ಪು ನನ್ನದಲ್ಲ, ನೌಕರಿಯದು. ಗಂಗಾವತಿಯ ಒಂದು ಸರಕಾರಿ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಮೇಜಿನ ಹಿಂದೆ ಕುಳಿತು ಕುಳಿತೇ ನನ್ನ ತಲೆ ಬೋಳಾಗಿದೆ. ಅರ್ಜಿ ಕೈಗೆ ಬಂದರೆ ನನ್ನ ಕಣ್ಣು ಅದರಲ್ಲಿ ಇದ್ದದ್ದನ್ನು ನೋಡುವುದಿಲ್ಲ, ಇಲ್ಲದ್ದನ್ನು ಹುಡುಕುತ್ತದೆ. "ಹಾಳಿ ಹಿಂದಿನ ಸೂಚನಾ ಓದೀರೇನು? ಲಗತ್ತು ಎಲ್ಲೈತಿ? ನಾಳಿ ಬರ್ರಿ." ದಿನವಿಡೀ ಇದನ್ನೇ ಹೇಳಿದ ಬಾಯಿ ಮನೆಗೆ ಬಂದ ಕೂಡಲೇ ಸುಮ್ಮನಿರು ಎಂದರೆ ಹೇಗೆ ಸುಮ್ಮನಿದ್ದೀತು?

ಒಂದು ಬುಧವಾರ ಹೆಸರುಕಾಳಿನ ಪಲ್ಯ ಬಾಯಿಗಿಟ್ಟು, "ಕಾಳು ಇನ್ನೊಂದು ಕುದಿ ಬೇಕಿತ್ತು" ಎಂದೆ. ನನ್ನ ಹೆಂಡತಿ ಗಿರಿಜಾ ಸಿಟ್ಟಿಗೇಳಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ. ಅವಳು ಸೌಟು ಕೆಳಗಿಟ್ಟು, ನನ್ನ ಎದುರು ಕುಳಿತು, ಬಹಳ ನಿಧಾನವಾಗಿ ಹೇಳಿದಳು: "ಐತವಾರ ಕುಷ್ಟಗಿಯಿಂದ ನನ್ನ ತಮ್ಮ ಊಟಕ್ಕ ಬರ್ತಾನ. ಅವತ್ತ ನೀವ ಒಂದು ಪಲ್ಯಾ ಮಾಡ್ರಿ. ಅಂವ ಎರಡನೇ ಸಲ ಕೇಳಿ ಹಾಕಿಸ್ಕೊಂಡ್ರ ನೀವು ಗೆದ್ರಿ, ಸಾಯೂತನ ನನ್ನ ಅಡಿಗಿಗೆ ಹೆಸರಿಡ್ರಿ. ಇಲ್ಲಂದ್ರ ಇನ್ನ ಮ್ಯಾಲೆ ತಾಟಿನ ಮುಂದ ನಿಮ್ಮ ಬಾಯಿ ಉಣ್ಣಾಕಷ್ಟ." ನಾನು ಪೌರುಷಕ್ಕೆ ಬಿದ್ದು "ಆತು, ಅದೇನು ಮಹಾ" ಎಂದುಬಿಟ್ಟೆ. ಅವಳ ತಮ್ಮ ವೀರಣ್ಣ ಐದು ರೊಟ್ಟಿಗಿಂತ ಕಡಿಮೆಗೆ ಏಳದ ಆಸಾಮಿ. ಅವನು ಎರಡನೇ ಸಲ ಕೇಳದೆ ಬಿಟ್ಟ ಪದಾರ್ಥ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ನನ್ನ ಧೈರ್ಯ.

ಬದನೆಕಾಯಿ, ಬೆಂಡೆಕಾಯಿ ಮಾಡಿದರೆ ಅವಳದಕ್ಕೂ ನನ್ನದಕ್ಕೂ ಹೋಲಿಕೆ ಬರುತ್ತದೆ. ಅವಳು ಮುಟ್ಟಿಯೇ ಇರದ ಪದಾರ್ಥ ಬೇಕಿತ್ತು. ಶನಿವಾರ ಕಚೇರಿಯಿಂದ ಬರುವಾಗ ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ತೆರೆದ, ಒಳಗೆ ಹೋದರೆ ಚಳಿ ಹತ್ತುವ ದೊಡ್ಡ ಅಂಗಡಿಗೆ ಹೊಕ್ಕೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಬೆಳ್ಳಗೆ, ದಪ್ಪಗೆ, ಸಾಲಾಗಿ ಮಲಗಿದ್ದವು. "ಕಿಂಗ್ ಆಯ್ಸ್ಟರ್ ರೀ ಸರ್, ಅಣಬಿಗೆಲ್ಲಾ ರಾಜಾ ಇದು" ಎಂದಳು ಅಂಗಡಿಯ ಹೆಣ್ಣುಮಗಳು. "ಹೆಂಗ ಮಾಡೂದು ಅಂತ ಹಿಂದ ಬರದೈತ್ರಿ, ಓದಿಕೊಳ್ರಿ." ನಾನು ನಕ್ಕೆ. ಅಣಬೆ ಬಗ್ಗೆ ನನಗೆ ಓದಿಸುತ್ತಾಳಲ್ಲ! ಮೂರು ಪಾಕೀಟು ತೆಗೆದುಕೊಂಡೆ. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ, ಗಿರಿಜಾ ಓದುತ್ತಾಳೆ.

ನಕ್ಕದ್ದಕ್ಕೆ ಕಾರಣವಿದೆ. ನಾನು ಹುಟ್ಟಿ ಬೆಳೆದದ್ದು ಮರಳಿ ಎಂಬ ಊರಿನ ಕಡೆ, ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ. ಮಳೆ ಬಿದ್ದು ಬಿಸಿಲು ಬಂದರೆ ಹಳೆಯ ಹುಲ್ಲಿನ ಬಣವೆಯ ಬುಡದಲ್ಲಿ ರಾತ್ರೋರಾತ್ರಿ ಅಣಬೆ ಏಳುತ್ತಿದ್ದವು. ಅಪ್ಪ ಟವೆಲ್ಲಿನ ತುಂಬ ಕಟ್ಟಿಕೊಂಡು ತರುತ್ತಿದ್ದ. ಅವುಗಳ ಕಾಲು ಮುರಿಯುವ ಹುದ್ದೆ ನನ್ನದು. ಕಾಲಿನ ತುಂಬ ಮಣ್ಣು, ಕೊಳೆತ ಹುಲ್ಲು, ಒಮ್ಮೊಮ್ಮೆ ಹುಳ. ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ಕಾಲು ಎಮ್ಮಿಗೆ, ಟೊಪ್ಪಿಗಿ ಗಡಿಗಿಗೆ!" ಒಂದೇ ಒಂದು ಕಾಲು ಗಡಿಗೆಗೆ ಬಿದ್ದರೂ ನನ್ನ ತಲೆಗೆ ಮೊಟಕು ಬೀಳುತ್ತಿತ್ತು. ಹೀಗೆ ಮೊಟಕು ತಿಂದು ಕಲಿತ ವಿದ್ಯೆ ನನ್ನದು. ಪಾಕೀಟಿನ ಬೆನ್ನಿನ ಮೇಲಿನ ಬರಹ ಅದರ ಮುಂದೆ ಯಾವ ಲೆಕ್ಕ?

ಐತವಾರ ಬೆಳಿಗ್ಗೆ ಗಿರಿಜಾಳನ್ನು ಅಡಿಗೆಮನೆಯಿಂದ ಹೊರಗೆ ಕಳಿಸಿ, ಪಾಕೀಟು ಹರಿದು ಮೂಲೆಗೆಸೆದು, ಅಣಬೆ ಹರವಿಕೊಂಡು ಕುಳಿತೆ. ಟೊಪ್ಪಿಗೆ ನೋಡಿದರೆ ಕೋಟಿನ ಗುಂಡಿಯಷ್ಟು, ಕಾಲು ನೋಡಿದರೆ ಪಡಸಾಲೆಯ ಕಂಬ. "ತೂಕಕ್ಕ ಬರೇ ಕಾಲು ತುಂಬ್ಯಾರ! ಹಾಡಾಹಗಲ ಮೋಸ!" ಎಂದು ಒಬ್ಬನೇ ಕೂಗಾಡಿದೆ. ಹೊರಗಿನಿಂದ ಗಿರಿಜಾ, "ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದ್ಲಂತ" ಎಂದಳು. ಈ ಮಾತಿಗೆ ನನ್ನ ಹಟ ಇನ್ನಷ್ಟು ಏರಿತು. ಒಂದೊಂದಾಗಿ ಎಲ್ಲ ಕಾಲು ಲಟಕ್ ಲಟಕ್ ಎಂದು ಮುರಿದು, ಪಕ್ಕದ ಮನೆ ಹನುಮವ್ವನ ಎಮ್ಮೆಗೆಂದು ಇಟ್ಟ ಬುಟ್ಟಿಗೆ ಹಾಕಿದೆ. ಮಣ್ಣಿಲ್ಲ, ಹುಲ್ಲಿಲ್ಲ, ಹಾಲಿನಂಥ ಕಾಲು. ಆದರೂ ಕಾಲು ಕಾಲೇ. ಬುಟ್ಟಿ ತುಂಬಿತು. ಬುಟ್ಟಿಯ ಹೊರಗೆ ಉಳಿದದ್ದು ಎರಡು ಮುಷ್ಟಿ ಟೊಪ್ಪಿಗೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಬಾಣಲೆಯಲ್ಲಿ ಕೈಯಾಡಿಸಿದರೆ ಅದೂ ಬಾಡಿ ಒಂದು ಮುಷ್ಟಿಯಾಯಿತು. ಉಪ್ಪನ್ನು ಮಾತ್ರ ಮೂರು ಪಾಕೀಟಿನ ಅಂದಾಜಿಗೆ ಮೊದಲೇ ಸುರಿದಿದ್ದೆ. ರುಚಿ ನೋಡಲಿಲ್ಲ. ಇಷ್ಟು ವರ್ಷ ಪರರ ಅಡಿಗೆಯ ರುಚಿ ನೋಡಿದವನಿಗೆ ತನ್ನದನ್ನು ನೋಡುವ ಅಭ್ಯಾಸವೆಲ್ಲಿಂದ ಬರಬೇಕು? ಗೆದ್ದವನ ಹಾಗೆ ಹೆಗಲಿಗೆ ಟವೆಲ್ ಹಾಕಿಕೊಂಡು ಸ್ನಾನಕ್ಕೆ ಹೋದೆ.

ನಾನು ಸ್ನಾನದಲ್ಲಿದ್ದಾಗ ನಡೆದದ್ದನ್ನು ಆಮೇಲೆ ಹನುಮವ್ವನೇ ಓಣಿಗೆಲ್ಲ ಹೇಳಿದಳು. ಅವಳು ಬುಟ್ಟಿ ಒಯ್ಯಲು ಬಂದು, "ಯವ್ವಾ ಗಿರಿಜವ್ವಾ, ಇವತ್ತ ನಮ್ಮ ಎಮ್ಮೀದು ಹುಟ್ಟಿದ ಹಬ್ಬ ಐತೇನ? ಇಂಥಾ ಛಲೋ ಕಾಯಿಪಲ್ಯಾ ಹಾಕೀರಲ್ಲ!" ಎಂದಳಂತೆ. ಗಿರಿಜಾ ಮೂಲೆಯಲ್ಲಿ ಬಿದ್ದ ಪಾಕೀಟು ಎತ್ತಿಕೊಂಡು, ಬೆನ್ನಿಗೆ ತಿರುವಿ, ಸುಕ್ಕು ಬಿಡಿಸಿ ಓದಿದಳಂತೆ. ಅಲ್ಲಿ ಚಿತ್ರಸಮೇತ ಹಾಕಿದ್ದರು: ಈ ಅಣಬೆಯಲ್ಲಿ ತಿನ್ನುವುದೇ ಕಾಲು, ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಹುರಿಯಬೇಕು. ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕರಂತೆ. ಆಮೇಲೆ ಗಿರಿಜಾ ಬುಟ್ಟಿಯನ್ನು ಒಳಗೊಯ್ದು, ಕಾಲು ತೊಳೆದು, ಹೆಚ್ಚಿ, ಎಣ್ಣೆಯಲ್ಲಿ ಕೆಂಪಗೆ ಹುರಿದು, ಶೇಂಗಾಪುಡಿ, ಗುರೆಳ್ಳುಪುಡಿ ಹಾಕಿ ಥೇಟ್ ಎಣ್ಣೆಗಾಯಿಯ ಹಾಗೆ ಮಾಡಿಟ್ಟಳು.

ವೀರಣ್ಣ ಬಂದ, ಕುಳಿತ. ನಾನೇ ಕೈಯಾರೆ ನನ್ನ ಪಲ್ಯ ಬಡಿಸಿದೆ. ಒಂದು ತುತ್ತು ತಿಂದವನೇ ಕಣ್ಣು ಮುಚ್ಚಿದ. ಒಂದು ತಂಬಿಗೆ ನೀರು ಕುಡಿದ. ಆಮೇಲೆ ದೊಡ್ಡ ಮನಸ್ಸಿನಿಂದ, "ಮಾವಾರ, ಉಪ್ಪಿನಕಾಯಿ ಭಾಳ ಛಲೋ ಆಗೈತ್ರಿ. ಬೆರಳಿಗೆ ಹಚ್ಚಿ ನೆಕ್ಕಿದ್ರ ಸಾಕ್ರಿ" ಎಂದ. ಅಷ್ಟರಲ್ಲಿ ಗಿರಿಜಾ ಇನ್ನೊಂದು ಬೋಗುಣಿ ತಂದಳು. ವೀರಣ್ಣ ತಾಟು ಮುಂದೆ ಚಾಚಿದ. ಎರಡು ಸಲ ಹಾಕಿಸಿಕೊಂಡ, ಮೂರು ಸಲ ಹಾಕಿಸಿಕೊಂಡ. "ಅಕ್ಕಾ, ಏನಬೇ ಇದು? ಇಂಥಾದ್ದು ಜನ್ಮದಾಗ ತಿಂದಿಲ್ಲ."

"ಅದಾ? ನಿಮ್ಮ ಮಾವಾರು ಎಮ್ಮಿಗಂತ ತಗದಿಟ್ಟಿದ್ರು" ಎಂದಳು ಗಿರಿಜಾ.

ಪಾಕೀಟನ್ನೂ ತಂದು ತಮ್ಮನಿಗೆ ತೋರಿಸಿದಳು. ಅವನು ನಕ್ಕು ನಕ್ಕು ಬಿಕ್ಕಳಿಕೆ ಹತ್ತಿಸಿಕೊಂಡ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೂಚನೆ ಓದಿಲ್ಲವೆಂದು ಊರ ಮಂದಿಯನ್ನೆಲ್ಲ ಹಿಂದಕ್ಕೆ ಕಳಿಸುವ ಮನುಷ್ಯ ನಾನು! ಆದರೂ ಕೊನೆಯ ಪ್ರಯತ್ನ ಮಾಡಿದೆ. "ಅದೂ ನಾ ತಂದ ಅಣಬಿನೇ ಅಲ್ಲೇನು? ಎರಡನೇ ಸಲ ಕೇಳ್ಯಾನಲ್ಲ, ಹಂಗಾರ ನಾನ ಗೆದ್ದೆ." ಗಿರಿಜಾ ಎಂದಳು, "ತಂದಾವ್ರೂ ನೀವ, ಚೆಲ್ಲಿದಾವ್ರೂ ನೀವ. ಸುಮ್ನ ಉಣ್ರಿ." ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅಣಬೆಗೆ ಹೋದದ್ದಕ್ಕೆ ಏನು ಕೊಡಬೇಕೋ ಯಾರೂ ಹೇಳಿಲ್ಲ.

ಅಂದಿನಿಂದ ಬಾಯಿ ಮುಚ್ಚಿಕೊಂಡು ಉಂಡೆ. ಎಷ್ಟು ಕಷ್ಟ ಅಂತೀರಿ! ಸಾರು ಹುಳಿಯಾದರೆ ನಾಲಿಗೆ ತುದಿಗೆ ಬಂದ ಮಾತನ್ನು ತುತ್ತಿನ ಜೊತೆ ನುಂಗಬೇಕು. ಉಂಡದ್ದು ಮೈಗೆ ಹತ್ತಲಿಲ್ಲ. ಒಂಬತ್ತನೇ ದಿನ ಬೇಳೆಸಾರಿಗೆ ಉಪ್ಪೇ ಇರಲಿಲ್ಲ. ಎರಡು ಬಟ್ಟಲು ಕುಡಿದು ಎದ್ದೆ. ನನ್ನ ನಂತರ ಊಟಕ್ಕೆ ಕುಳಿತ ಗಿರಿಜಾ ಒಂದು ತುತ್ತಿಗೇ ಕೂಗಿದಳು, "ಅಯ್ಯ ಶಿವನೇ! ಉಪ್ಪ ಹಾಕಿಲ್ಲ! ಹೇಳಾಕ ಏನಾಗಿತ್ರಿ ನಿಮಗ?"

"ನನಗ ಅಧಿಕಾರ ಇಲ್ಲಲ್ಲ" ಎಂದೆ.

ಅವಳಿಗೆ ನಗು ತಡೆಯಲಾಗಲಿಲ್ಲ. ನಾನು ಹೇಳುತ್ತೇನೆಂಬ ಧೈರ್ಯದ ಮೇಲೆಯೇ ಅವಳು ಇಷ್ಟು ವರ್ಷ ರುಚಿ ನೋಡದೆ ಅಡಿಗೆ ಮಾಡಿದ್ದಳೆಂದು ಅಂದೇ ತಿಳಿದದ್ದು. ನನಗೆ ಒಳಗೊಳಗೇ ಖುಷಿಯಾಯಿತು. "ಬೇಕಂದ್ರ ಅರ್ಜಿ ಬರದು ಕೊಡ್ರಿ, ನೋಡೂಣು" ಎಂದಳು. ನಾನು ಅರ್ಜಿ ಬರೆಯುವುದರಲ್ಲಿ ಹಿಂದೆ ಬೀಳುವವನೇ? ಬಿಳಿ ಹಾಳೆಯ ಮೇಲೆ, ಅಂಚು ಬಿಟ್ಟು, "ವಿಷಯ: ಊಟದ ವೇಳೆಯಲ್ಲಿ ಉಪ್ಪು ಹುಳಿ ಖಾರಗಳ ಬಗ್ಗೆ ಬಾಯಿ ಬಿಡುವ ಹಕ್ಕನ್ನು ಮರಳಿ ದಯಪಾಲಿಸುವ ಕುರಿತು" ಎಂದು ಬರೆದು, ಸಹಿ ಮಾಡಿ, ಅವಳ ಕೈಗೆ ಕೊಟ್ಟು ನಿಂತೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಓದಿದಳು. ಹಾಳೆಯ ಹಿಂದೆಯೂ ನೋಡಿದಳು. ನನ್ನ ಮೇಜಿನ ಆಚೆ ನಿಂತ ಮಂದಿ ಕೈ ಹಿಸುಕಿಕೊಳ್ಳುವುದು ಯಾಕೆಂದು ಆಗ ತಿಳಿಯಿತು.

"ಸಹಿ ಐತಿ, ತಾರೀಖೂ ಐತಿ" ಎಂದಳು. "ಲಗತ್ತು ಎಲ್ಲೈತಿ?"

"ಯಾವ ಲಗತ್ತು?"

"ಅಣಬಿ ಪಾಕೀಟು. ಹಿಂದಿನ ಸೂಚನಾ ಓದೀನಿ ಅಂತ ಅದರ ಮ್ಯಾಲೆ ಬರದು ಹಚ್ಚಬೇಕಿತ್ತು."

"ಅದು ಅವತ್ತ ಕಸದ ಗಾಡಿಗೆ ಹೋತಲ್ಲ!"

ಗಿರಿಜಾ ಅರ್ಜಿಯನ್ನು ನೀಟಾಗಿ ಮಡಚಿ ನನ್ನ ಕೈಗೇ ವಾಪಸು ಕೊಟ್ಟಳು. "ಹಂಗಾರ ನಾಳಿ ಬರ್ರಿ."